ದಿನಾ ವಿಟಮಿನ್ ಮಾತ್ರೆ ತಗೊಂಡ್ರೆ ಒಳ್ಳೇದಲ್ವಾ?

ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ರಕ್ತ, ಮೂತ್ರ ಪರೀಕ್ಷೆ ಮಾಡಿ ರಿಪೋರ್ಟ್ ಕೊಡುವ ಜಾಗ. ಡಾಕ್ಟರ್ ಅಲ್ಲ. ಆದರೂ ನನ್ನ ಕೆಲಸ ಏನು ಅಂತ ಗೊತ್ತಾಗುವುದೇ ತಡ, ಎಲ್ಲರೂ ಕೇಳುವುದು ಇದನ್ನೇ: "ದಿನಾ ಒಂದು ವಿಟಮಿನ್ ಮಾತ್ರೆ ತಗೊಂಡ್ರೆ ಒಳ್ಳೇದಲ್ವಾ?"

ಹೇಳಿ ಹೇಳಿ ಬಾಯಿ ನೋಯುತ್ತಿದೆ. ಬರೆದಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸಿ ಸುಮ್ಮನಾಗುತ್ತೇನೆ.

ಮೊದಲು ಉತ್ತರ. ನೀವು ಆರೋಗ್ಯವಾಗಿದ್ದು, ಎಲ್ಲ ಬಗೆಯ ಊಟ ಮಾಡುತ್ತಿದ್ದು, ಯಾವ ಕೊರತೆಯೂ ಇಲ್ಲದಿದ್ದರೆ ದಿನದ ಮಲ್ಟಿವಿಟಮಿನ್‌ನಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ. ಕೊರತೆ ಇದ್ದರೆ ಲಾಭ ಇದೆ, ಅದೂ ಯಾವುದು ಕಡಿಮೆ ಇದೆಯೋ ಅದರಿಂದ. ಅಷ್ಟೇ.

ಇಷ್ಟಕ್ಕೆ ಯಾರೂ ಎದ್ದು ಹೋಗುವುದಿಲ್ಲ. ಕೇಳುವ ರೀತಿಯಲ್ಲೇ ಅದು ಗೊತ್ತಾಗುತ್ತದೆ. ಅವರು ಕೇಳುತ್ತಿರುವುದು ಅಭಿಪ್ರಾಯವನ್ನಲ್ಲ, ಒಪ್ಪಿಗೆಯನ್ನು. ಡಬ್ಬಿ ಆಗಲೇ ಮನೆಯಲ್ಲಿರುತ್ತದೆ. ಅರ್ಧ ಖಾಲಿಯೂ ಆಗಿರುತ್ತದೆ. ನಾನು "ಬೇಕಾಗಿಲ್ಲ" ಅಂದರೆ ಮುಖ ಸಣ್ಣದಾಗುತ್ತದೆ, ಆಮೇಲೆ ಎರಡನೇ ಬಾಣ: "ಸುಮ್ನೆ ಒಂದು ತಗೊಂಡ್ರೆ ನಷ್ಟ ಏನು?" ಅದಕ್ಕೂ ಜಗ್ಗದಿದ್ದರೆ ಮೂರನೆಯದು: "ನೀವು ತಗೊಳ್ಳಲ್ವಾ?"

ಮೂರನೆಯದನ್ನು ಮೊದಲು ಮುಗಿಸುತ್ತೇನೆ. ಹೌದು, ತಗೊಳ್ಳುತ್ತೇನೆ. ಬಿ12. ನಾನು ಮಾಂಸ, ಮೊಟ್ಟೆ ತಿನ್ನುವುದಿಲ್ಲ. ಹಾಲೂ ನನಗೆ ಆಗುವುದಿಲ್ಲ. ಗಿಡಮೂಲದ ಆಹಾರದಿಂದ ಬಿ12 ಸಿಗುವುದೇ ಇಲ್ಲ ಅನ್ನಬಹುದು. ರಕ್ತದಲ್ಲಿ ಕಡಿಮೆ ಬಂತು, ವೈದ್ಯರು ಬರೆದುಕೊಟ್ಟರು, ನುಂಗುತ್ತೇನೆ. ಇದನ್ನು ಹೇಳಿದ ಕೂಡಲೇ ಎದುರಿನವರ ಮುಖದಲ್ಲಿ ಕಳ್ಳನನ್ನು ಹಿಡಿದ ಸಂತೋಷ. "ನೋಡಿ, ನೀವೇ ತಗೊಳ್ತೀರಿ!" ಅಂತಾರೆ. ನಾನು ಕನ್ನಡಕವನ್ನೂ ಹಾಕಿಕೊಳ್ಳುತ್ತೇನೆ. ಹಾಗಂತ ಊರಿಗೆಲ್ಲ ಕನ್ನಡಕ ಹಂಚಬೇಕಾ?

ವಿಟಮಿನ್ ವಿರೋಧಿ ಅಂತ ನನಗೊಂದು ಹೆಸರಿದೆ, ಅದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಕೊರತೆ ಅನ್ನುವುದು ತಮಾಷೆಯ ವಿಷಯ ಅಲ್ಲ. 1747ರಲ್ಲಿ ಜೇಮ್ಸ್ ಲಿಂಡ್ ಅನ್ನುವ ಹಡಗಿನ ವೈದ್ಯ, ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ಕಾಯಿಲೆ ಹಿಡಿದಿದ್ದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಕೆಲವೇ ದಿನಗಳಲ್ಲಿ ಸುಧಾರಿಸಿದರು. ಗರ್ಭ ಧರಿಸುವ ಮೊದಲಿನಿಂದ ಮೊದಲ ಮೂರು ತಿಂಗಳವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ (ಇದೂ ಒಂದು ಬಿ ವಿಟಮಿನ್) ತಗೊಳ್ಳಬೇಕು ಅನ್ನುವುದಕ್ಕೆ ಗಟ್ಟಿ ಆಧಾರ ಇದೆ. ಈ ಮೊದಲು ಬೆನ್ನುಹುರಿಯ ದೋಷವಿರುವ ಮಗು ಹುಟ್ಟಿದ್ದ ತಾಯಂದಿರ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಫೋಲಿಕ್ ಆಸಿಡ್‌ನಿಂದ ಮತ್ತೆ ಹಾಗಾಗುವುದು 72% ತಪ್ಪಿತ್ತು. (ಅವರಿಗೆ ಕೊಟ್ಟ ಪ್ರಮಾಣ ಇನ್ನೂ ಹೆಚ್ಚಿನದು. ಅಂಥವರು ವೈದ್ಯರನ್ನು ಕೇಳಿಯೇ ತಗೊಳ್ಳಬೇಕು.) ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಳ್ಳುವ ಮಧುಮೇಹಿಗಳಿಗೆ, ವಯಸ್ಸಾದವರಿಗೆ ಬಿ12 ಕಡಿಮೆ ಆಗಬಹುದು. ಬಿಸಿಲು ಕಾಣದವರಿಗೆ ಡಿ ಕಡಿಮೆ ಆಗಬಹುದು. ಗರ್ಭಿಣಿಯಾಗುವವರಿಗೆ, ಹೀಗೆ ಕೊರತೆ ಇರುವವರಿಗೆ ಮಾತ್ರೆ ಬೇಕೇ ಬೇಕು. ನನ್ನ ತಕರಾರು ಇವರ ಬಗ್ಗೆ ಅಲ್ಲ.

ತಕರಾರು ಇರುವುದು ಮುಂದಿನ ಜಿಗಿತದ ಬಗ್ಗೆ. ಇಲ್ಲದವನಿಗೆ ಕೊಟ್ಟಾಗ ಅವನು ಎದ್ದು ಕೂತ ಅಂದಮೇಲೆ, ಇರುವವನಿಗೆ ಕೊಟ್ಟರೆ ಅವನು ಓಡುತ್ತಾನೆ ಅನ್ನುವ ಲೆಕ್ಕ. ಈ ಲೆಕ್ಕವನ್ನು ಸುಮ್ಮನೆ ತಳ್ಳಿಹಾಕಿಲ್ಲ, ದೊಡ್ಡ ದೊಡ್ಡ ಪ್ರಯೋಗ ಮಾಡಿಯೇ ನೋಡಿದ್ದಾರೆ. ಅಮೆರಿಕದಲ್ಲಿ 50 ದಾಟಿದ 14,641 ಗಂಡಸು ವೈದ್ಯರಿಗೆ ಹತ್ತು ವರ್ಷಕ್ಕೂ ಮೇಲೆ ಮಲ್ಟಿವಿಟಮಿನ್ ಅಥವಾ ಖಾಲಿ ಮಾತ್ರೆ ಕೊಟ್ಟರು. 2012ರಲ್ಲಿ ಫಲಿತಾಂಶ ಬಂತು. ಹೃದಯಾಘಾತ, ಪಾರ್ಶ್ವವಾಯು ತಪ್ಪಲಿಲ್ಲ. ಕ್ಯಾನ್ಸರ್ 8% ಕಡಿಮೆ ಆಯಿತು. ಅದನ್ನು ಮುಚ್ಚಿಡುವುದಿಲ್ಲ. 60 ದಾಟಿದವರಲ್ಲಿ ನೆನಪಿನ ಶಕ್ತಿಗೆ ಚೂರು ಸಹಾಯ ಆಗುತ್ತದೆ ಅಂತಲೂ ಇತ್ತೀಚಿನ ಒಂದು ಪ್ರಯೋಗ ಹೇಳಿದೆ. ಹಾಗೆಯೇ 2024ರಲ್ಲಿ ಸುಮಾರು 3,90,000 ಜನರ 20 ವರ್ಷಕ್ಕೂ ಹೆಚ್ಚಿನ ಲೆಕ್ಕ ಪ್ರಕಟವಾಯಿತು. ದಿನಾ ಮಲ್ಟಿವಿಟಮಿನ್ ನುಂಗಿದವರು ನುಂಗದವರಿಗಿಂತ ಹೆಚ್ಚು ಕಾಲ ಬದುಕಿರಲಿಲ್ಲ. ಎಲ್ಲ ಸೇರಿಸಿದರೆ ಕೈಗೆ ಬರುವುದು ಬಹಳ ಸಣ್ಣದು. ಡಬ್ಬಿಯ ಮೇಲಿನ ಚಿತ್ರದಲ್ಲಿ ಬೆಟ್ಟ ಹತ್ತಿ ಕೈ ಎತ್ತಿರುವ ಮನುಷ್ಯ ಇರುತ್ತಾನಲ್ಲ, ಅಷ್ಟಂತೂ ಇಲ್ಲ.

ಈಗ ಎರಡನೇ ಬಾಣ. ನಷ್ಟ ಏನು?

ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗುತ್ತದೆ, ಆದ್ದರಿಂದ ದುಡ್ಡು ಮಾತ್ರ ನಷ್ಟ ಅನ್ನುವ ಜೋಕ್ ಎಲ್ಲರಿಗೂ ಗೊತ್ತು. ಆ ಜೋಕ್ ಅರ್ಧ ಮಾತ್ರ ಸರಿ. ವಿಟಮಿನ್ ಸಿ ವಿಷಯದಲ್ಲಿ ಹೆಚ್ಚು ಕಡಿಮೆ ನಿಜ. ವಯಸ್ಕರಿಗೆ ದಿನಕ್ಕೆ ಬೇಕಾಗುವುದು 75ರಿಂದ 90 ಮಿಲಿಗ್ರಾಂ. ಮಾತ್ರೆಯಲ್ಲಿ ಇರುವುದು 500, ಕೆಲವೊಮ್ಮೆ 1,000. ತುಂಬಿದ ಕೊಡ ತುಳುಕುವುದಿಲ್ಲ ಅನ್ನುವುದು ಗಾದೆಗೆ ಸರಿ, ರಕ್ತಕ್ಕಲ್ಲ. ಅಲ್ಲಿ ತುಂಬಿದ ಮೇಲೆ ಹಾಕಿದ್ದೆಲ್ಲ ತುಳುಕಿಯೇ ಹೋಗುತ್ತದೆ. ಆದರೆ ಎ, ಡಿ, ಇ, ಕೆ ಕೊಬ್ಬಿನಲ್ಲಿ ಕರಗುವಂಥವು. ಎ ಮತ್ತು ಡಿ ಮೈಯಲ್ಲೇ ಕೂತು ಜಮೆಯಾಗುತ್ತವೆ. ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು. ವಾರಕ್ಕೊಂದು ಅಂತ ಬರೆದುಕೊಟ್ಟ ದೊಡ್ಡ ಡೋಸಿನ ಮಾತ್ರೆಯನ್ನು ದಿನಕ್ಕೊಂದರಂತೆ ನುಂಗಿ ವಾಂತಿ, ಸುಸ್ತು ಅಂತ ಬರುವವರ ಕ್ಯಾಲ್ಸಿಯಂ ನೋಡಿದರೆ ನಮಗೇ ಗಾಬರಿ ಆಗುತ್ತದೆ. ಎ ಅತಿಯಾದರೆ ಗರ್ಭದ ಮಗುವಿಗೆ ಅಪಾಯ. ಬಿ6 ನೀರಿನಲ್ಲೇ ಕರಗುತ್ತದೆ, ಮೂತ್ರದಲ್ಲೇ ಹೋಗುತ್ತದೆ, ಆದರೂ ಹೆಚ್ಚು ಪ್ರಮಾಣದಲ್ಲಿ ಬಹಳ ಕಾಲ ತಗೊಂಡರೆ ಕೈಕಾಲಿನ ನರಗಳು ಹಾಳಾಗುತ್ತವೆ. ಕೈಕಾಲು ಜುಮುಗುಡುತ್ತದೆ ಅಂತ ಅದನ್ನೇ ನುಂಗಿ, ಜುಮುಗುಡುವುದು ಜಾಸ್ತಿಯಾದಾಗ ಇನ್ನೂ ಒಂದು ನುಂಗುವವರು ಇದ್ದಾರೆ.

ಮೈಯೊಳಗೆ ಹೋಗಿ ವಿಟಮಿನ್ ಎ ಆಗುವ ಬೀಟಾ ಕೆರೋಟಿನ್ ಕಥೆಯನ್ನಂತೂ ಧೂಮಪಾನ ಮಾಡುವವರೆಲ್ಲ ಕೇಳಬೇಕು. ಅದು ಶ್ವಾಸಕೋಶದ ಕ್ಯಾನ್ಸರ್ ತಡೆಯುತ್ತದೆ ಅಂತ ನಂಬಿ ಫಿನ್ಲೆಂಡ್‌ನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ಪ್ರಯೋಗ ಮಾಡಿದರು. 1994ರಲ್ಲಿ ನೋಡಿದರೆ ಬೀಟಾ ಕೆರೋಟಿನ್ ತಗೊಂಡವರಲ್ಲೇ ಆ ಕ್ಯಾನ್ಸರ್ 18% ಹೆಚ್ಚು. ಅಮೆರಿಕದ ಇನ್ನೊಂದು ಪ್ರಯೋಗವನ್ನು ಇದೇ ಕಾರಣಕ್ಕೆ 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಿದರು. ಒಳ್ಳೆಯ ಹೆಸರು, ಒಳ್ಳೆಯ ಬಣ್ಣ, ತರಕಾರಿಯಲ್ಲಿ ಇರುವಂಥದ್ದೇ. ಆದರೂ ಹೀಗಾಯಿತು.

ಇದೆಲ್ಲ ಹೇಳುವುದು ಅಭ್ಯಾಸ ಆಗಿಬಿಟ್ಟಿದೆ. ಹೇಳುತ್ತೇನೆ, ತಲೆ ಆಡಿಸುತ್ತಾರೆ, ಹೋಗಿ ನುಂಗುತ್ತಾರೆ. ಸರಿ, ನುಂಗಲಿ. ನನಗೆ ನಿಜವಾಗಿ ಕೋಪ ಬರುವುದು ಇದಕ್ಕಲ್ಲ. ಲ್ಯಾಬ್‌ನವಳನ್ನು ಕೇಳಬೇಕಾದ ಪ್ರಶ್ನೆಯೇ ಬೇರೆ, ಅದನ್ನು ಯಾರೂ ಕೇಳುವುದಿಲ್ಲ. "ನಾನು ಇದನ್ನು ನುಂಗ್ತಾ ಇದ್ದೀನಿ, ನನ್ನ ರಿಪೋರ್ಟ್ ಸರಿಯಾಗಿ ಬರುತ್ತಾ?"

ಒಬ್ಬ ಮಹಿಳೆಯ ಥೈರಾಯ್ಡ್ ರಿಪೋರ್ಟ್ ನೆನಪಾಗುತ್ತದೆ. ಥೈರಾಯ್ಡ್‌ಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್ ಟಿಎಸ್‌ಎಚ್ ತಳ ಮುಟ್ಟಿತ್ತು, ಥೈರಾಯ್ಡ್ ತಾನೇ ಸುರಿಸುವ ಹಾರ್ಮೋನ್ ಟಿ4 ಮೇಲೇರಿತ್ತು. ಕಾಗದದ ಮೇಲೆ ನೋಡಿದರೆ ಥೈರಾಯ್ಡ್ ಹುಚ್ಚೆದ್ದು ಕುಣಿಯುತ್ತಿರಬೇಕು. ಎದೆ ಬಡಿತ, ಕೈ ನಡುಕ, ತೂಕ ಇಳಿಯುವುದು ಎಲ್ಲ ಇರಬೇಕು. ಅವರಿಗೆ ಏನೂ ಇಲ್ಲ. ಆರಾಮಾಗಿ ಕೂತಿದ್ದಾರೆ. ವೈದ್ಯರಿಗೆ ಅನುಮಾನ ಬಂದು ನಮಗೆ ಫೋನ್ ಮಾಡಿದರು. ಮತ್ತೆ ಮಾಡಿದೆವು, ಅದೇ ಬಂತು. ಯಂತ್ರ ಸರಿ ಇದೆ, ಸ್ಯಾಂಪಲ್ ಸರಿ ಇದೆ. ಕೊನೆಗೆ ಅವರನ್ನೇ ಕೂರಿಸಿ ಕೇಳಿದೆ.

"ಯಾವುದಾದರೂ ಔಷಧಿ ತಗೊಳ್ತಾ ಇದ್ದೀರಾ?"

"ಇಲ್ಲ."

"ಏನೂ ಇಲ್ವಾ? ಯೋಚನೆ ಮಾಡಿ."

"ಇಲ್ಲ ಅಂದ್ನಲ್ಲ."

"ಕೂದಲಿಗೆ, ಉಗುರಿಗೆ ಅಂತ?"

"ಓ, ಅದಾ? ಅದು ಔಷಧಿ ಅಲ್ಲ. ವಿಟಮಿನ್ ಅಷ್ಟೇ."

ಅದೇ ಬಯೋಟಿನ್. ವಿಟಮಿನ್ ಬಿ7. ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಸಾಕು. ಕೂದಲ ಮಾತ್ರೆಗಳಲ್ಲಿ 5,000, 10,000 ಮೈಕ್ರೋಗ್ರಾಂ ಇರುತ್ತದೆ. ಅಷ್ಟು ಬಯೋಟಿನ್ ಮೈಗೆ ವಿಷ ಅಲ್ಲ. ನಮ್ಮ ಪರೀಕ್ಷೆಗೆ ವಿಷ. ಹೇಗೆ ಅಂದರೆ, ಹಾರ್ಮೋನ್ ಅಳೆಯುವ ಹಲವು ಯಂತ್ರಗಳು ಬಯೋಟಿನ್‌ನನ್ನೇ ಬಳಸುತ್ತವೆ. ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಅನ್ನುವ ಪ್ರೋಟೀನ್ ಒಂದನ್ನೊಂದು ಕಂಡರೆ ಬಿಡಿಸಲಾಗದಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಹುಡುಕಬೇಕಾದ ಹಾರ್ಮೋನನ್ನು ಹಿಡಿದು ನಿಲ್ಲಿಸಲು ಯಂತ್ರ ಈ ಜೋಡಿಯನ್ನು ನಂಬಿರುತ್ತದೆ. ನಿಮ್ಮ ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಅದೇ ಮೊದಲು ಹೋಗಿ ಜಾಗ ಹಿಡಿಯುತ್ತದೆ. ಯಂತ್ರಕ್ಕೆ ಸಿಗುವ ಸಂಕೇತ ಕುಗ್ಗುತ್ತದೆ. ಟಿಎಸ್‌ಎಚ್ ಪರೀಕ್ಷೆಯಲ್ಲಿ ಸಂಕೇತ ಕಡಿಮೆ ಅಂದರೆ ಹಾರ್ಮೋನ್ ಕಡಿಮೆ ಅಂತ ಅರ್ಥ. ಟಿ4 ಪರೀಕ್ಷೆ ನಡೆಯುವುದು ತಲೆಕೆಳಗಾಗಿ, ಅಲ್ಲಿ ಸಂಕೇತ ಕಡಿಮೆ ಅಂದರೆ ಹಾರ್ಮೋನ್ ಹೆಚ್ಚು. ಒಂದು ಸುಳ್ಳು ಕೆಳಗೆ, ಇನ್ನೊಂದು ಸುಳ್ಳು ಮೇಲೆ. ಎರಡೂ ಸೇರಿ ಥೈರಾಯ್ಡ್ ಕಾಯಿಲೆಯ ಪಕ್ಕಾ ಚಿತ್ರ ಬರೆಯುತ್ತವೆ. ಇಂಥ ರಿಪೋರ್ಟ್ ನಂಬಿ ಇಲ್ಲದ ಕಾಯಿಲೆಗೆ ಚಿಕಿತ್ಸೆ ಶುರು ಮಾಡಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಆ ಮಹಿಳೆ ಕೆಲವು ದಿನ ಮಾತ್ರೆ ನಿಲ್ಲಿಸಿ ಬಂದರು. ಎಲ್ಲ ಸರಿ ಬಂತು. ನಮಗೆ ಥ್ಯಾಂಕ್ಸ್ ಹೇಳುತ್ತಾರೆ ಅಂದುಕೊಂಡರೆ ಕೇಳಿದ್ದು, "ಹಾಗಾದ್ರೆ ಇವತ್ತಿಂದ ಮತ್ತೆ ಶುರು ಮಾಡ್ಬಹುದಾ?" ಬಯೋಟಿನ್ ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬೆಳೆಯುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇಲ್ಲ ಅಂದೆ. "ನನಗೆ ಬೆಳೆದಿದೆ" ಅಂದರು. ತಲೆ ನೋಡಿದೆ. ಸುಮ್ಮನಾದೆ.

ಬಯೋಟಿನ್ ಒಂದೇ ಅಲ್ಲ. ವಿಟಮಿನ್ ಸಿ ಜಾಸ್ತಿ ತಗೊಂಡು ಬಂದರೆ ಮೂತ್ರದ ಪಟ್ಟಿ ಪರೀಕ್ಷೆಯಲ್ಲಿ ಇರುವ ರಕ್ತವೂ ಕಾಣದೇ ಹೋಗಬಹುದು, ಇರುವ ಸಕ್ಕರೆಯೂ ಕಾಣದೇ ಹೋಗಬಹುದು. ಮೈ ಬೆಳೆಸಲು ಕ್ರಿಯೇಟಿನ್ ಪುಡಿ ತಗೊಳ್ಳುವ ಹುಡುಗರಲ್ಲಿ, ಕಿಡ್ನಿ ಹೇಗಿದೆ ಅಂತ ತಿಳಿಯಲು ನೋಡುವ ಕ್ರಿಯೇಟಿನಿನ್ ಮೇಲೆ ಬರಬಹುದು. ಕಿಡ್ನಿ ಚೆನ್ನಾಗಿಯೇ ಇರುತ್ತದೆ, ಮನೆಯವರ ನಿದ್ದೆ ಮಾತ್ರ ಹೋಗಿರುತ್ತದೆ. ಕಬ್ಬಿಣದ ಮಾತ್ರೆ ನುಂಗಿ ಸ್ವಲ್ಪ ಹೊತ್ತಿಗೇ ರಕ್ತ ಕೊಟ್ಟರೆ ಸೀರಮ್ ಐರನ್ ಸುಳ್ಳೇ ಏರಿ ನಿಂತಿರುತ್ತದೆ. ಬಿ12 ಮಾತ್ರೆಯನ್ನು ಒಂದಷ್ಟು ದಿನ ತಾವಾಗಿಯೇ ನುಂಗಿ ಆಮೇಲೆ "ಕೊರತೆ ಇದೆಯಾ ನೋಡಿ" ಅಂತ ಬಂದರೆ ನಾನು ನೋಡುವುದು ಮಾತ್ರೆಯನ್ನು, ಅವರನ್ನಲ್ಲ. ಇನ್ನು ಪರೀಕ್ಷೆಯ ಮಾತಲ್ಲ, ಆದರೂ ಹೇಳುತ್ತೇನೆ: ಥೈರಾಯ್ಡ್ ಮಾತ್ರೆಯ ಜೊತೆಗೇ ಕ್ಯಾಲ್ಸಿಯಂ ಅಥವಾ ಕಬ್ಬಿಣ ನುಂಗಿದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಎರಡರ ನಡುವೆ ನಾಲ್ಕು ಗಂಟೆ ಬಿಡಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತಗೊಳ್ಳುವವರು ವಿಟಮಿನ್ ಕೆ ಇರುವ ಮಾತ್ರೆಯನ್ನು ಕೇಳದೆ ಮುಟ್ಟಬಾರದು.

ಇದೆಲ್ಲ ಒಂದು ಮಾತಿನಲ್ಲಿ ಬಗೆಹರಿಯುವಂಥದ್ದು. ಹೇಳಿದರೆ ಆಯಿತು. ಆದರೆ ಫಾರಂನಲ್ಲಿ "ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳು" ಅನ್ನುವ ಸಾಲಿನ ಮುಂದೆ ಎಲ್ಲರೂ "ಇಲ್ಲ" ಅಂತಲೇ ಬರೆಯುತ್ತಾರೆ. ಸುಳ್ಳು ಹೇಳುತ್ತಿಲ್ಲ ಪಾಪ, ಅವರ ಮನಸ್ಸಿನಲ್ಲಿ ಅದು ಔಷಧಿಯೇ ಅಲ್ಲ. ನನ್ನ ಹತ್ತಿರ ವಿಟಮಿನ್ ಬಗ್ಗೆ ಅರ್ಧ ಗಂಟೆ ವಾದ ಮಾಡಿದವರೂ ರಕ್ತ ಕೊಡುವಾಗ ಅದರ ಸುದ್ದಿ ಎತ್ತುವುದಿಲ್ಲ. ಒಳ್ಳೆಯದು ಅನ್ನುವಾಗ ಅದಕ್ಕೆ ಬೆಟ್ಟದಷ್ಟು ಶಕ್ತಿ, ತೊಂದರೆ ಕೊಡಬಹುದಾ ಅಂದಾಗ ಅದು ಏನೂ ಅಲ್ಲ!

ಹಾಗಾಗಿ ತಗೊಳ್ಳಬೇಕಾ ಬೇಡವಾ ಅಂತ ನನ್ನನ್ನು ಕೇಳಬೇಡಿ. ತಗೊಳ್ಳುತ್ತಿದ್ದರೆ ಹೇಳಿ. ಡಬ್ಬಿಯ ಫೋಟೋ ತನ್ನಿ, ಮುಂದಿನ ಬೆಟ್ಟ ಹತ್ತಿದವನದ್ದಲ್ಲ, ಹಿಂದೆ ಸಣ್ಣಕ್ಷರದಲ್ಲಿ ಪ್ರಮಾಣ ಬರೆದಿರುವ ಕಡೆಯದ್ದು. ಅಲುಗಾಡದೆ ತೆಗೆದ ಫೋಟೋ ಆದರೆ ಇನ್ನೂ ಸಂತೋಷ. ಕೂದಲ ಮಾತ್ರೆ ಆಗಿದ್ದರೆ ಸಾಮಾನ್ಯವಾಗಿ ಎರಡು ಮೂರು ದಿನ ಮೊದಲೇ ನಿಲ್ಲಿಸಿ ಬರಲು ಹೇಳುತ್ತಾರೆ. ಬಹಳ ದೊಡ್ಡ ಡೋಸ್ ಆದರೆ ಇನ್ನೂ ಹೆಚ್ಚು ದಿನ ಬೇಕಾಗಬಹುದು. ವೈದ್ಯರೇ ಬರೆದುಕೊಟ್ಟಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಅವರನ್ನು ಕೇಳಿ.

ಕಾಯಲು ಪುರಸೊತ್ತು ಇಲ್ಲದ ಪರೀಕ್ಷೆಯೂ ಒಂದಿದೆ. ಎದೆನೋವು ಅಂತ ಬಂದವರಿಗೆ ಮಾಡುವ ಟ್ರೋಪೋನಿನ್. ಹೃದಯಕ್ಕೆ ಪೆಟ್ಟು ಬಿದ್ದಿದ್ದರೆ ಅದು ಏರಬೇಕು. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಕೆಲವು ಯಂತ್ರಗಳಲ್ಲಿ ಅದು ಕಡಿಮೆಯಾಗಿ ಕಾಣಬಹುದು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಾಗ, ಹೀಗೆ ಟ್ರೋಪೋನಿನ್ ತಪ್ಪಾಗಿ ಕಡಿಮೆ ಬಂದ ಒಬ್ಬ ರೋಗಿಯ ಸಾವನ್ನೂ ಹೇಳಿತ್ತು. ಆ ಹೊತ್ತಿನಲ್ಲಿ ಎರಡು ದಿನ ಬಿಟ್ಟು ಬನ್ನಿ ಅನ್ನಲು ಆಗುವುದಿಲ್ಲ. ಎದೆ ಹಿಡಿದುಕೊಂಡು ಮಲಗಿರುವವರಿಗೆ ಕೂದಲ ಮಾತ್ರೆ ನೆನಪಾಗುವುದೂ ಇಲ್ಲ. ಕರೆದುಕೊಂಡು ಬಂದವರು ಹೇಳಿ.