ನಾಡಿ 44 ಇದ್ದರೆ ಭಯ ಪಡಬೇಕಾ?

ನನ್ನ ಹತ್ತಿರ ಓಟ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆ ಇದು: "ಸರ್, ಬೆಳಿಗ್ಗೆ ಎದ್ದಾಗ ವಾಚ್‌ನಲ್ಲಿ ಹಾರ್ಟ್ ರೇಟ್ 44 ಅಂತ ಬರುತ್ತಿದೆ. ಏನಾದರೂ ತೊಂದರೆ ಇದೆಯಾ?" ಇನ್ಶೂರೆನ್ಸ್‌ಗೆ ಇಸಿಜಿ ಮಾಡಿಸಿ, ವರದಿಯಲ್ಲಿ 'ಸೈನಸ್ ಬ್ರಾಡಿಕಾರ್ಡಿಯಾ' (ಅಂದರೆ ನಿಧಾನ ಹೃದಯಬಡಿತ) ಎಂದು ಓದಿ ಗಾಬರಿಯಾದವರೂ ಇದ್ದಾರೆ.

ವರ್ಷಗಟ್ಟಲೆ ಓಡಿದವರಲ್ಲಿ, ಸೈಕಲ್ ತುಳಿದವರಲ್ಲಿ ಇದು ಸಾಮಾನ್ಯ. ಬಡಿತ 60ಕ್ಕಿಂತ ಕಡಿಮೆಯಾದರೆ ಮಷೀನು ಹಾಗೆ ಬರೆಯುತ್ತದೆ. ನೀವು ಓಡುತ್ತೀರಿ ಅಂತ ಅದಕ್ಕೆ ಗೊತ್ತಿರುವುದಿಲ್ಲ.

ಸುಮ್ನೆ ಕೂತಿದ್ದಾಗ ದೇಹಕ್ಕೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಬೇಕು. ಒಂದು ಬಡಿತಕ್ಕೆ 70 ಮಿಲಿಲೀಟರ್ ದೂಡುವ ಹೃದಯ 70 ಸಲ ಬಡಿಯಬೇಕಾಗುತ್ತದೆ. ದೂರದ ಓಟದ ಅಭ್ಯಾಸದಿಂದ ಹೃದಯದ ಎಡಗಡೆಯ ಕೆಳಗಿನ ಕೋಣೆ ಹಿಗ್ಗುತ್ತದೆ. ಮೈಯಲ್ಲಿ ರಕ್ತವೂ ಜಾಸ್ತಿಯಾಗುತ್ತದೆ. ಒಂದು ಬಡಿತಕ್ಕೆ 110 ಮಿಲಿಲೀಟರ್ ಹೋದರೆ 45 ಬಡಿತ ಸಾಕು, ಅಲ್ವಾ? 1899ರಲ್ಲೇ ಸ್ವೀಡನ್ನಿನ ವೈದ್ಯ ಹೆನ್ಷೆನ್, ಹಿಮದ ಮೇಲೆ ಸ್ಕೀ ಮಾಡುವವರ ಎದೆಯನ್ನು ಬೆರಳಿನಿಂದ ತಟ್ಟಿ ನೋಡಿಯೇ ಅವರ ಹೃದಯ ದೊಡ್ಡದಾಗಿದೆ ಎಂದು ಗುರುತಿಸಿದ್ದರು. ನನಗೆ ಇದು ಇವತ್ತಿಗೂ ಬೆರಗು.

ಓಟಗಾರರ ಬಡಿತವನ್ನು ನಿಧಾನ ಮಾಡುವುದು ಮೆದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಎಂದೇ ಬಹಳ ಕಾಲ ನಂಬಿದ್ದರು. 2014ರಲ್ಲಿ ಮ್ಯಾಂಚೆಸ್ಟರ್‌ನ ಸಂಶೋಧಕರು ವ್ಯಾಯಾಮದ ಅಭ್ಯಾಸ ಮಾಡಿಸಿದ ಇಲಿಗಳಲ್ಲಿ ಆ ನರದ ಪ್ರಭಾವವನ್ನು ತಡೆದು ನೋಡಿದರು. ಆಗಲೂ ಬಡಿತ ನಿಧಾನವಾಗಿಯೇ ಇತ್ತು. ಹೃದಯದೊಳಗೆ ಬಡಿತಕ್ಕೆ ತಾಳ ಹಾಕುವ ಜೀವಕೋಶಗಳೇ ಬದಲಾಗಿದ್ದವು.

1991ರಿಂದ 1995ರವರೆಗೆ ಸತತ ಐದು ಸಲ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಗೆದ್ದ ಮಿಗೆಲ್ ಇಂದುರಾಯಿನ್ ಅವರ ಬಡಿತ 28 ಎಂದು ವರದಿಯಾಗಿತ್ತು. ಅದನ್ನು ಕೇಳಿ ಕೆಲವರು ಪೈಪೋಟಿಗೆ ಬೀಳುತ್ತಾರೆ. ದಯವಿಟ್ಟು ಬೇಡ. ಒಂದೇ ರೀತಿ ಅಭ್ಯಾಸ ಮಾಡುವ ಇಬ್ಬರಲ್ಲಿ ಒಬ್ಬರದು 42, ಇನ್ನೊಬ್ಬರದು 56 ಇರಬಹುದು. ಓಟದಲ್ಲಿ ಎರಡನೆಯವರೇ ಮುಂದಿರಬಹುದು. ನಿಮ್ಮ ಬಡಿತವನ್ನು ನಿಮ್ಮ ನಿನ್ನೆಯ ಬಡಿತದ ಜೊತೆ ಮಾತ್ರ ಹೋಲಿಸಿ. ದಿನವೂ 48 ಇರುವುದು ಒಂದು ಬೆಳಿಗ್ಗೆ 58 ಆದರೆ ನಿದ್ದೆ ಕೆಟ್ಟಿರಬಹುದು, ಜ್ವರ ಬರುತ್ತಿರಬಹುದು, ಅಭ್ಯಾಸ ಅತಿಯಾಗಿರಬಹುದು. ಅವತ್ತು ಓಡಬೇಡಿ.

ಆದರೆ ತಲೆ ಸುತ್ತಿದರೆ, ಕಣ್ಣು ಕತ್ತಲೆ ಬಂದರೆ, ಮೆಟ್ಟಿಲು ಹತ್ತಲೂ ಏದುಸಿರು ಬಂದರೆ, ಓಡುವಾಗಲೂ ಬಡಿತ ಏರದಿದ್ದರೆ ತಡ ಮಾಡದೆ ವೈದ್ಯರ ಹತ್ತಿರ ಹೋಗಿ. ವ್ಯಾಯಾಮವೇ ಇಲ್ಲದವರ ಬಡಿತ 44ಕ್ಕೆ ಇಳಿದಿದ್ದರೂ ತೋರಿಸಲೇಬೇಕು. ಥೈರಾಯ್ಡ್, ಬಿಪಿಯ ಕೆಲವು ಮಾತ್ರೆಗಳು, ಹಾರ್ಟ್ ಬ್ಲಾಕ್ (ಹೃದಯದೊಳಗಿನ ವಿದ್ಯುತ್ ಸಂಕೇತಕ್ಕೆ ತಡೆ), ಯಾವುದಾದರೂ ಕಾರಣವಾಗಿರಬಹುದು. ವಾರಕ್ಕೆ ಎಷ್ಟು ಕಿಲೋಮೀಟರ್ ಓಡುತ್ತೀರಿ ಎಂಬುದನ್ನೂ ವೈದ್ಯರಿಗೆ ಹೇಳಿ. ಓಟಗಾರ ಅನ್ನುವ ಹೆಮ್ಮೆಯಲ್ಲಿ ತಲೆ ಸುತ್ತಿದ್ದನ್ನು ಮಾತ್ರ ಮುಚ್ಚಿಡಬೇಡಿ.