ಬಾಸಿ, ಡಾಮಿನೀರಿಂಗ್, ಇಂಪೀರಿಯಸ್: ಎಲ್ಲಾ ಒಂದೇ ಅಲ್ವಾ?

ನಾನು ಇಂಗ್ಲಿಷ್ ಕಲಿಸುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. "ಬಾಸಿ, ಡಾಮಿನೀರಿಂಗ್, ಓವರ್‌ಬೇರಿಂಗ್, ಇಂಪೀರಿಯಸ್... ನಿಘಂಟು ತೆಗೆದರೆ ಎಲ್ಲದರ ಮುಂದೆಯೂ 'ದರ್ಪದ', 'ದಬ್ಬಾಳಿಕೆಯ' ಅಂತಲೇ ಇದೆ. ಯಾವುದೋ ಒಂದು ಹಾಕಿದರೆ ನಡೆಯಲ್ವಾ?"

ನಡೆಯಲ್ಲ. ನಾನೇ ಒಮ್ಮೆ ಹಾಗೆ ಹಾಕಲು ಹೋಗಿ ಪೆಚ್ಚಾಗಿದ್ದೇನೆ, ಅದನ್ನು ಕೊನೆಗೆ ಹೇಳುತ್ತೇನೆ.

ನಾನು ಮೊದಲು ತಿರುಗಿ ಕೇಳುವುದು ಇಷ್ಟೇ: ನೀವು ಹೇಳುತ್ತಿರುವ ಮನುಷ್ಯನಿಗೆ ಅಪ್ಪಣೆ ಕೊಡುವ ಅಧಿಕಾರ ನಿಜವಾಗಿಯೂ ಇದೆಯಾ? ಅರ್ಧ ಗೊಂದಲ ಇಲ್ಲೇ ಕಳೆಯುತ್ತೆ.

ನಾಲ್ಕು ಜನ ಸೇರಿ ಒಂದು ಬೀರು ಸಾಗಿಸುತ್ತಿದ್ದಾರೆ ಅಂದುಕೊಳ್ಳಿ. ನಾಲ್ವರೂ ಸಮಾನರು. ಅವರಲ್ಲಿ ಒಬ್ಬಳು, "ನೀನು ಆ ಕಡೆ ಹಿಡಿ. ಅಲ್ಲಲ್ಲ, ಕೆಳಗಿನಿಂದ. ಏಯ್, ನೀನು ಹಿಂದೆ ಹೋಗು. ನಾನು ಹೇಳೋವರೆಗೂ ಇಳಿಸಬೇಡಿ" ಅಂತ ಶುರು ಹಚ್ಚಿಕೊಳ್ಳುತ್ತಾಳೆ. ಅವಳು ಬಾಸಿ. ಅವಳನ್ನು ಯಾರೂ ಮೇಸ್ತ್ರಿ ಮಾಡಿಲ್ಲ, ತಾನೇ ಆದಳು. ಕಿರಿಕಿರಿ ಆಗುತ್ತೆ ನಿಜ, ಆದರೆ ಬೀರು ಇಳಿದ ಮೇಲೆ ಎಲ್ಲರೂ ನಕ್ಕು ಮರೆಯುತ್ತಾರೆ. ಬಾಸಿ ಅನ್ನೋದು ಅಷ್ಟೇ ಚಿಕ್ಕ ಪದ. ಜನರನ್ನು ಜೈಲಿಗೆ ತಳ್ಳುವ ದೊರೆಯನ್ನು ಬಾಸಿ ಅಂದರೆ ನಗು ಬರುತ್ತೆ. ಬಾಸ್ ಅನ್ನುವುದು ಡಚ್ ಭಾಷೆಯಿಂದ ಅಮೆರಿಕದ ಇಂಗ್ಲಿಷ್‌ಗೆ ಬಂದ ಪದ, ಅಲ್ಲಿ ಅದರ ಅರ್ಥ ಯಜಮಾನ. ಆದರೆ ಬಾಸಿ ಅನ್ನುವ ಬೈಗುಳ ಹೆಚ್ಚಾಗಿ ಅಂಟಿಕೊಳ್ಳುವುದು ಯಜಮಾನರಲ್ಲದವರಿಗೆ.

ಇನ್ನೊಂದು ವಿಷಯ. ಬೀರು ಎತ್ತುವಾಗ ನಾನು 'ಒಬ್ಬಳು' ಅಂತ ಬರೆದೆ, ಗಮನಿಸಿದಿರಾ? ಯೋಚಿಸಿ ಬರೆದಿದ್ದಲ್ಲ, ಕೈ ತಾನಾಗಿ ಬರೆಯಿತು. 2014ರಲ್ಲಿ ಅಮೆರಿಕದಲ್ಲಿ, ಆಗ ಫೇಸ್‌ಬುಕ್‌ನ ಉನ್ನತ ಅಧಿಕಾರಿಯಾಗಿದ್ದ ಶೆರಿಲ್ ಸ್ಯಾಂಡ್‌ಬರ್ಗ್ ಅವರ ಮಹಿಳಾಪರ ಸಂಸ್ಥೆ ಲೀನ್ ಇನ್, ಹುಡುಗಿಯರ ಸಂಘಟನೆಯಾದ ಗರ್ಲ್ ಸ್ಕೌಟ್ಸ್ ಜೊತೆ ಸೇರಿ 'ಬ್ಯಾನ್ ಬಾಸಿ' ಅಂತ ಒಂದು ಆಂದೋಲನವನ್ನೇ ನಡೆಸಿತು. ಹುಡುಗ ಮುಂದೆ ನಿಂತು ಹೇಳಿದರೆ ನಾಯಕ, ಹುಡುಗಿ ಹೇಳಿದರೆ ಬಾಸಿ, ಇದು ಅವರ ದೂರು. ಪದವನ್ನು ನಿಷೇಧಿಸಿದರೆ ಏನೂ ಬದಲಾಗಲ್ಲ ಅಂತ ನನಗನ್ನಿಸುತ್ತೆ. ದೂರಿನಲ್ಲಿ ಮಾತ್ರ ಹುರುಳಿದೆ, ನನ್ನ ಕೈಯೇ ಸಾಕ್ಷಿ.

ಅದೇ ಬೀರಿನ ಹತ್ತಿರ ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ನಿಂತು, ಒಂದು ಬೆರಳೂ ತಾಗಿಸದೆ, "ಮೊದಲು ಬಾಗಿಲು ಕಳಚಬೇಕಿತ್ತು ರೀ" ಅಂತ ಸಲಹೆ ಕೊಡುತ್ತಾನಲ್ಲ, ಅವನು ಆಫಿಷಸ್. ನಮ್ಮ ಅಧಿಕಪ್ರಸಂಗಿಗೆ ಹತ್ತಿರ. ಇದನ್ನು ಆಫಿಶಿಯಲ್ ಜೊತೆ ಕಲಸಬೇಡಿ. ಹಿಂದೆ ಈ ಪದಕ್ಕೆ ಸಹಾಯಕ್ಕೆ ಸದಾ ಮುಂದೆ ಬರುವವನು ಅನ್ನುವ ಒಳ್ಳೆಯ ಅರ್ಥವೇ ಇತ್ತು. ಆಮೇಲೆ ಸಹಾಯ ಜಾಸ್ತಿಯಾಯಿತು ಅಂತ ಕಾಣುತ್ತೆ.

ಡಾಮಿನೀರಿಂಗ್‌ಗೆ ಬಂದರೆ ನಗು ನಿಲ್ಲುತ್ತೆ. ಇದು ಒಂದು ದಿನದ ಮಾತಲ್ಲ, ವರ್ಷಗಟ್ಟಲೆ ನಡೆಯುವಂಥದ್ದು. ಮನೆಯಲ್ಲಿ ಡಾಮಿನೀರಿಂಗ್ ಅಪ್ಪ ಇದ್ದರೆ ಅಪ್ಪನನ್ನು ನೋಡಿ ಗೊತ್ತಾಗಲ್ಲ, ಮಗನನ್ನು ನೋಡಬೇಕು. ಮೂವತ್ತೈದು ದಾಟಿರುತ್ತೆ, ಇವತ್ತಿಗೂ ಶರ್ಟ್ ಬಣ್ಣ ಕೇಳಿದರೆ "ಅಪ್ಪನ್ನ ಕೇಳಿ ಹೇಳ್ತೀನಿ" ಅನ್ನುತ್ತಾನೆ. ಎದುರಿನವರ ದನಿ ಅಡಗಿಹೋಗಿರಬೇಕು, ಆಗಲೇ ಈ ಪದ. ನಾವು ಕನ್ನಡದ ನಡುವೆ "ಅವನು ತುಂಬಾ ಡಾಮಿನೇಟಿಂಗ್ ಕಣೋ" ಅಂತೀವಿ. ನಮ್ಮ ಮನಸ್ಸಿನಲ್ಲಿ ಇರುವುದು ಹೆಚ್ಚಾಗಿ ಡಾಮಿನೀರಿಂಗೇ. ಇಂಗ್ಲೆಂಡಿನವರ ಕಿವಿಗೆ ಡಾಮಿನೇಟಿಂಗ್ ಅಂದರೆ ಮೊದಲು ಬರುವುದು ಎದುರಾಳಿಗೆ ಉಸಿರಾಡಲು ಬಿಡದೆ ಪಂದ್ಯ ಗೆಲ್ಲುವ ಆಟಗಾರನೋ, ಊರಿನ ಎಲ್ಲಾ ಕಡೆಯಿಂದಲೂ ಕಾಣುವ ಗೋಪುರವೋ. ಅದರಲ್ಲಿ ಬೈಗುಳ ಇರಲೇಬೇಕು ಅಂತಿಲ್ಲ.

ಓವರ್‌ಬೇರಿಂಗ್ ಇದರ ಪಕ್ಕದ ಮನೆ. ಆದರೆ ಇಲ್ಲಿ ಭಾರ ಮುಖ್ಯ, ಅಪ್ಪಣೆ ಅಲ್ಲ. ಜೋರು ದನಿ, ಎಡೆಬಿಡದ ಸಲಹೆ, ಅತಿಯಾದ ಕಾಳಜಿ, ಯಾವುದರಿಂದಲಾದರೂ ಮೈಮೇಲೆ ಬಿದ್ದ ಹಾಗೆ ಅನ್ನಿಸಬಹುದು. ಪ್ರೀತಿಯಿಂದಲೇ ಉಸಿರು ಕಟ್ಟಿಸುವವರಿಗೂ ಇದು ಸಲ್ಲುತ್ತೆ.

ನನಗೆ ಇವುಗಳಲ್ಲೆಲ್ಲ ಇಷ್ಟವಾದದ್ದು ಇಂಪೀರಿಯಸ್. ಲ್ಯಾಟಿನ್‌ನಲ್ಲಿ ಇಂಪೀರಿಯಮ್ ಅಂದರೆ ಅಪ್ಪಣೆ ಕೊಡುವ ಅಧಿಕಾರ. ಸಾಮ್ರಾಜ್ಯಕ್ಕೆ ಸೇರಿದ್ದು ಅನ್ನುವ ಇಂಪೀರಿಯಲ್ ಕೂಡ ಅಲ್ಲಿಂದಲೇ ಬಂದಿದೆ. ಇಂಪೀರಿಯಸ್ ಮನುಷ್ಯ ಕೂಗಾಡಲ್ಲ. ಕಾಗದದಿಂದ ತಲೆ ಎತ್ತದೆ, ಸುಮ್ನೆ ಒಂದು ಕೈ ಚಾಚುತ್ತಾನೆ. ಆ ಕೈಗೆ ಫೈಲ್ ಬಂದು ಕೂರುತ್ತೆ ಅನ್ನುವುದರಲ್ಲಿ ಅವನಿಗೆ ಅನುಮಾನವೇ ಇಲ್ಲ. ಬರದಿದ್ದರೆ ಸಿಟ್ಟಿಗಿಂತ ಮೊದಲು ಆಶ್ಚರ್ಯ. ಗತ್ತು ಅನ್ನುವ ನಮ್ಮ ಪದ ಇದಕ್ಕೆ ದರ್ಪಕ್ಕಿಂತ ಚೆನ್ನಾಗಿ ಒಪ್ಪುತ್ತೆ. ಬೆಕ್ಕುಗಳಿಗೂ ಈ ಪದ ಬಳಸಬಹುದು. ಬಾಗಿಲ ಮುಂದೆ ಕೂತು ನಿಮ್ಮನ್ನು ಒಮ್ಮೆ, ಬಾಗಿಲನ್ನು ಒಮ್ಮೆ ನೋಡುವ ಬೆಕ್ಕು ಇಂಪೀರಿಯಸ್ ಅಲ್ಲದೆ ಇನ್ನೇನು?

ಪೆರೆಂಪ್ಟರಿ ಹೆಚ್ಚಾಗಿ ಮನುಷ್ಯನಿಗಲ್ಲ, ಅವನ ಮಾತಿಗೆ, ದನಿಗೆ. ಕಡ್ಡಿ ಮುರಿದ ಹಾಗೆ ಹೇಳುವುದು ಅಂತೀವಲ್ಲ, ಅದೇ. "ಬೇಡ. ಮುಗೀತು." ಕಾನೂನಿನಿಂದ ಬಂದ ಪದ ಇದು. ಅಮೆರಿಕದ ಕೋರ್ಟುಗಳಲ್ಲಿ ವಕೀಲರು ಕಾರಣ ಹೇಳದೆಯೇ ಕೆಲವು ಜೂರಿಗಳನ್ನು ಬೇಡ ಅನ್ನಬಹುದು. ಅದರ ಹೆಸರೇ ಪೆರೆಂಪ್ಟರಿ ಚಾಲೆಂಜ್.

ಹೈಹ್ಯಾಂಡೆಡ್ ಅನ್ನುವುದು ಮಾಡಿದ ಕೆಲಸಕ್ಕೆ ಹೇಳುವ ಮಾತು. ಅಧಿಕಾರ ಇದೆ, ಆದರೆ ಯಾರನ್ನೂ ಒಂದು ಮಾತೂ ಕೇಳದೆ ತೀರ್ಮಾನ ಮಾಡಿ ನೋಟಿಸ್ ಅಂಟಿಸಿದರು ಅಂದಾಗ ಇದು ಬೇಕು. ಡಿಕ್ಟಟೋರಿಯಲ್, ಟಿರಾನಿಕಲ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಎರಡನೆಯದರಲ್ಲಿ ಕ್ರೌರ್ಯವೂ ಸೇರಿರುತ್ತೆ ಅಷ್ಟೇ. ಅಂದಹಾಗೆ ಹಳೆಯ ರೋಮ್‌ನಲ್ಲಿ ಡಿಕ್ಟೇಟರ್ ಅನ್ನುವುದು ಕಾನೂನುಬದ್ಧ ಹುದ್ದೆಯಾಗಿತ್ತು, ಕಷ್ಟಕಾಲಕ್ಕೆ ಮಾತ್ರ, ಹೆಚ್ಚೆಂದರೆ 6 ತಿಂಗಳು.

ಇನ್ನು ಕಮಾಂಡಿಂಗ್. ಕೇಳಿದರೆ ಇದೇ ಎಲ್ಲಕ್ಕಿಂತ ದರ್ಪದ ಪದ ಅನ್ನಿಸುತ್ತೆ, ಅಲ್ವಾ? ಆದರೆ ಇದು ಹೊಗಳಿಕೆ. ಕಮಾಂಡಿಂಗ್ ದನಿ ಅಂದರೆ ಮಾತು ಶುರುವಾದ ಕೂಡಲೇ ಕೋಣೆ ಸುಮ್ಮನಾಗುವಂಥ ದನಿ.

ಈಗ ನನ್ನ ಕಥೆ. ಕೆಲಸಕ್ಕೆ ಸೇರಿದ ಹೊಸದು. ಸಹೋದ್ಯೋಗಿಯೊಬ್ಬರು ಬೇರೆ ಕಡೆ ಅರ್ಜಿ ಹಾಕಿ, ಶಿಫಾರಸು ಪತ್ರ ಬರೆದುಕೊಡಿ ಅಂದರು. ತಮ್ಮ ವಿಷಯವನ್ನು ಅರೆದು ಕುಡಿದವರು, ಅವರು ಹೇಳಿದ ಮೇಲೆ ಯಾರೂ ಪುಸ್ತಕ ತೆಗೆದು ನೋಡುತ್ತಿರಲಿಲ್ಲ. ಇಂಗ್ಲಿಷ್‌ನಲ್ಲಿ ಅದಕ್ಕೆ ಅಥಾರಿಟೇಟಿವ್ ಅನ್ನಬೇಕು. ನಾನು ಬರೆದದ್ದು ಅಥಾರಿಟೇರಿಯನ್. ಒಂದು ಜ್ಞಾನದಿಂದ ಬಂದ ಅಧಿಕಾರ, ಇನ್ನೊಂದು "ನಾನು ಹೇಳಿದೆ, ನೀನು ಮಾಡು" ಅನ್ನುವ ಅಧಿಕಾರ. ಮಕ್ಕಳನ್ನು ಬೆಳೆಸುವ ಬಗೆಗಳನ್ನು ವಿಂಗಡಿಸುವಾಗ ಡಯಾನಾ ಬಾಮ್‌ರಿಂಡ್ ಅನ್ನುವ ಮನೋವಿಜ್ಞಾನಿ 1960ರ ದಶಕದಲ್ಲಿ ಇದೇ ಎರಡು ಪದಗಳನ್ನು ಎದುರುಬದುರು ನಿಲ್ಲಿಸಿದರು. ಕಾರಣ ಹೇಳಿ ಶಿಸ್ತು ಕಲಿಸುವ ಅಪ್ಪ ಅಮ್ಮ ಒಂದು ಕಡೆ, ಕಾರಣ ಕೇಳಿದರೆ ಗದರುವವರು ಇನ್ನೊಂದು ಕಡೆ. ಎರಡು ಪದಗಳ ಕೊನೆಯಲ್ಲಿ ಮಾತ್ರ ವ್ಯತ್ಯಾಸ ಇಟ್ಟು, ಅವರು ನನ್ನಂಥ ಎಷ್ಟು ಜನರನ್ನು ಎಡವಿಸಿದ್ದಾರೋ.

ಎರಡು ದಿನ ಬಿಟ್ಟು ಆ ಕಡೆಯಿಂದ ಫೋನ್ ಬಂತು. "ಇವರನ್ನ ತಗೊಳ್ಳಿ ಅಂತಿದ್ದೀರೋ, ಬೇಡ ಅಂತಿದ್ದೀರೋ?" ಅಂತ ಕೇಳಿದರು. ಪತ್ರವನ್ನು ಮತ್ತೆ ಬರೆದು ಕಳಿಸಿದೆ. ಎರಡನೇ ಸಲ ಎರಡೂ ಪದಗಳ ತಂಟೆಗೆ ಹೋಗಲಿಲ್ಲ. ತಮ್ಮ ವಿಷಯವನ್ನು ಚೆನ್ನಾಗಿ ಬಲ್ಲವರು ಅಂತಷ್ಟೇ ಬರೆದೆ.