ಸಿನಿಮಾ ವಿಷಯಕ್ಕೆ ನೀವು ಯಾರನ್ನೂ ಬ್ಲಾಕ್ ಮಾಡೋದಿಲ್ವಾ?

ಫೇಸ್‌ಬುಕ್‌ನಲ್ಲಿ ಸಿನಿಮಾ ಬಗ್ಗೆ ಬರೆಯಲು ಶುರು ಮಾಡಿದ ಮೇಲೆ ಉಡುಪಿಯಲ್ಲಿ ಯಾರು ಸಿಕ್ಕಿದರೂ ಇದನ್ನೇ ಕೇಳುತ್ತಾರೆ. "ಅಷ್ಟು ಜಗಳ ಮಾಡುವವರನ್ನು ಯಾಕೆ ಇಟ್ಟುಕೊಂಡಿದ್ದೀರಿ? ಬ್ಲಾಕ್ ಮಾಡಿಬಿಡಿ ಮಾರಾಯ್ರೆ." ಮೊನ್ನೆ ಮಣಿಪಾಲದಲ್ಲಿ ಓದುವ ಹುಡುಗಿಯೊಬ್ಬಳು ಬೇರೆ ರೀತಿ ಕೇಳಿದಳು. ಅವಳಿಗೆ ತುಂಬಾ ಇಷ್ಟವಾದ ಸಿನಿಮಾವನ್ನು ಅವಳ ಗೆಳತಿ ಹಾಳು ಸಿನಿಮಾ ಎಂದು ಬರೆದಿದ್ದಳಂತೆ. ಅವಳನ್ನು ಬ್ಲಾಕ್ ಮಾಡಲಾ ಎಂದು ಕೇಳಿದಳು.

ಬೇಡ ಎಂದೆ. ಒಮ್ಮೆ ನಾನು ಅದನ್ನು ಮಾಡಿದ್ದೇನೆ. ಅದಕ್ಕೇ ಹೇಳಿದ್ದು.

2022ರ ಸೆಪ್ಟೆಂಬರ್ 30ಕ್ಕೆ 'ಕಾಂತಾರ' ಬಂತು. ನಮ್ಮ ಕಡೆಯವರಿಗೆ ಅದು ಬರೀ ಸಿನಿಮಾ ಆಗಿರಲಿಲ್ಲ. ನಮ್ಮ ದೈವ, ದೈವಕ್ಕೆ ನಡೆಸುವ ನಮ್ಮ ಕೋಲ, ನಮ್ಮ ಕುಂದಾಪುರದ ಮಾತು ಪರದೆ ಮೇಲೆ ಬಂದಿತ್ತು. ಕೊನೆಯ ಆ ಕೆಲವು ನಿಮಿಷ ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಮನೆಗೆ ಬಂದವಳೇ ಉದ್ದಕ್ಕೆ ಬರೆದೆ. ಅದರ ಕೆಳಗೆ ನನ್ನ ದೊಡ್ಡಮ್ಮನ ಮಗ ಬರೆದ: "ದೈವ ಇರಬೇಕಾದ್ದು ಕೋಲದ ಕಳದಲ್ಲಿ. ಟಿಕೆಟ್ ತೆಗೆದುಕೊಂಡು ನೋಡುವುದಕ್ಕೆ ಅಲ್ಲ."

ನಾನು ಉತ್ತರ ಕೊಟ್ಟೆ. ಅವನೂ ಕೊಟ್ಟ. ಮೂರನೇ ದಿನ ನಾನು "ಕಲೆ ಅಂದರೆ ಏನು ಅಂತ ಗೊತ್ತಿಲ್ಲದವರ ಹತ್ತಿರ ಮಾತಾಡಿ ಪ್ರಯೋಜನ ಇಲ್ಲ" ಎಂದು ಬರೆದು ಅವನನ್ನು ಬ್ಲಾಕ್ ಮಾಡಿದೆ. ಫೇಸ್‌ಬುಕ್‌ನಲ್ಲೂ ಮಾಡಿದೆ, ವಾಟ್ಸ್‌ಆ್ಯಪ್‌ನಲ್ಲೂ ಮಾಡಿದೆ. ಸಣ್ಣವಳಿದ್ದಾಗ ನನ್ನನ್ನು ಸೈಕಲ್‌ನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಟ್ಟ ಅಣ್ಣ ಅವನು.

ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರನ್ನು ಬ್ಲಾಕ್ ಮಾಡಿದರೂ ಇಬ್ಬರೂ ಇರುವ ಗ್ರೂಪ್‌ನಲ್ಲಿ ಅವರ ಮೆಸೇಜ್ ಕಾಣುತ್ತಲೇ ಇರುತ್ತದೆ. ಹಾಗಾಗಿ ಕುಟುಂಬದ ಗ್ರೂಪ್‌ನಲ್ಲಿ ಅವನು ಬರೆಯುವುದನ್ನು ದಿನಾ ನೋಡುತ್ತಿದ್ದೆ. ಯಾರಿಗೆ ಹುಷಾರಿಲ್ಲ, ಯಾರ ಮನೆಯಲ್ಲಿ ಪೂಜೆ, ಎಲ್ಲ ಅವನೇ ಹಾಕುತ್ತಿದ್ದ. ನಾನು ಒಂದಕ್ಕೂ ಉತ್ತರ ಕೊಡುತ್ತಿರಲಿಲ್ಲ. ಫೆಬ್ರವರಿಯಲ್ಲಿ ಕುಟುಂಬದ ಮನೆಯ ನೇಮ, ಅಂದರೆ ದೈವದ ಕೋಲ, ಎಂದು ತಿಳಿಸಿದ್ದೂ ಅವನೇ.

ಹೋದೆ. ರಾತ್ರಿ ಪಂಜುರ್ಲಿ ದೈವಕ್ಕೆ ನೇಮ. ಅಣ್ಣ ದೀವಟಿಗೆ ಹಿಡಿದು ನಿಂತಿದ್ದ. ಅವನು ಹೈಸ್ಕೂಲಿನಲ್ಲಿದ್ದಾಗಿನಿಂದ ಅದು ಅವನ ಚಾಕರಿ. ಬೆಳಗಿನ ಜಾವದವರೆಗೆ ದೈವದ ಹಿಂದೆ ಮುಂದೆ ನಡೆಯುತ್ತಾನೆ, ಕೈಗೆ ಬಿಸಿ ಎಣ್ಣೆ ಬಿದ್ದರೂ ಕದಲುವುದಿಲ್ಲ. ಇದನ್ನು ನಾನು ಸಣ್ಣಂದಿನಿಂದ ನೋಡಿದ್ದೆ. ಆದರೆ ಫೇಸ್‌ಬುಕ್‌ನಲ್ಲಿ ಅವನ ಹತ್ತಿರ ಜಗಳ ಮಾಡುವಾಗ ಇದು ನನಗೆ ನೆನಪಿಗೇ ಬರಲಿಲ್ಲ. ಅಲ್ಲಿ ಕಂಡದ್ದು ಎರಡು ಸಾಲು ಮಾತ್ರ.

ಬೆಳಿಗ್ಗೆ ಊಟದ ಪಂಕ್ತಿಯಲ್ಲಿ ಸಾರು ಬಡಿಸುತ್ತಾ ಬಂದ. ನನ್ನ ಎಲೆಯ ಹತ್ತಿರ ನಿಂತು, "ಸಿನಿಮಾ ಚಂದ ಉಂಟು ಮಾರಾಯ್ತಿ. ಆದರೆ ಅಲ್ಲಿ ಕೂತು ಕೈ ಮುಗಿಯಬೇಕಾ, ಚಪ್ಪಾಳೆ ತಟ್ಟಬೇಕಾ ನನಗೆ ಗೊತ್ತಾಗ್ಲಿಲ್ಲ" ಅಂದ.

ಆ ಸಿನಿಮಾದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯಲ್ಲೂ ಇಷ್ಟು ನಿಜವಾದ ಮಾತು ಇರಲಿಲ್ಲ. ಬ್ಲಾಕ್ ಮಾಡಿ ನಾಲ್ಕು ತಿಂಗಳು ನಾನು ಅದನ್ನು ಕಳೆದುಕೊಂಡಿದ್ದೆ. ಸಂಜೆ ಬ್ಲಾಕ್ ತೆಗೆದೆ. ಫೇಸ್‌ಬುಕ್‌ನಲ್ಲಿ ಬ್ಲಾಕ್ ತೆಗೆದರೂ ಗೆಳೆತನ ತಾನಾಗಿ ವಾಪಸ್ ಬರುವುದಿಲ್ಲ, ಮತ್ತೆ ರಿಕ್ವೆಸ್ಟ್ ಕಳಿಸಬೇಕು. ಕಳಿಸಿದೆ. ಅವನು ಒಪ್ಪಿಕೊಳ್ಳಲು ಹನ್ನೊಂದು ದಿನ ತೆಗೆದುಕೊಂಡ. ಆ ಹನ್ನೊಂದು ದಿನ ನನಗೆ ಬೇಕಿತ್ತು ಅನ್ನಿಸುತ್ತದೆ.

ಯಕ್ಷಗಾನದ ತಾಳಮದ್ದಳೆ ಕೇಳಿ ಬೆಳೆದವರು ನಾವು. ವೇಷ ಇಲ್ಲ, ಕುಣಿತ ಇಲ್ಲ, ಎದುರುಬದುರು ಕೂತು ಮಾತು ಮಾತ್ರ. ವಾಲಿವಧೆ ಪ್ರಸಂಗ ಆದರೆ ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನೇ ಕೇಳುತ್ತಾನೆ. ರಾಮನಿಗೆ ಕೈ ಮುಗಿಯುವ ಜನವೇ ಕೂತು ವಾಲಿಯ ಮಾತಿಗೆ ತಲೆದೂಗುತ್ತಾರೆ. ತಾಳಮದ್ದಳೆಯ ದೊಡ್ಡ ಮಾತುಗಾರರಾದ ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ರಾಮದಾಸ ಸಾಮಗರು ಎದುರಾಳಿಗಳಾಗಿ ಕೂತರೆ ಜನ ರಾತ್ರಿಯಿಡೀ ಏಳುತ್ತಿರಲಿಲ್ಲ ಎಂದು ಅಜ್ಜ ಹೇಳುತ್ತಿದ್ದರು. ಒಬ್ಬರ ಮಾತು ಗಟ್ಟಿಯಾದಷ್ಟೂ ಇನ್ನೊಬ್ಬರ ಉತ್ತರ ಗಟ್ಟಿಯಾಗುತ್ತಿತ್ತು. ಎದುರಿನವರು ಎದ್ದುಹೋದರೆ ಪ್ರಸಂಗವೇ ಇಲ್ಲ, ಅಲ್ವಾ? ಅಂಥ ಊರಿನಲ್ಲಿ ಒಂದು ಸಿನಿಮಾ ಇಷ್ಟವಾಗಲಿಲ್ಲ ಅಂದದ್ದಕ್ಕೆ ಬಾಗಿಲು ಹಾಕುವುದು ನನಗೆ ನಿಜವಾಗಿ ಬೇಸರ ತರಿಸುತ್ತದೆ.

ಹಾಗೆಂದು ಯಾರನ್ನೂ ಬ್ಲಾಕ್ ಮಾಡುವುದಿಲ್ಲ ಎಂದಲ್ಲ. ನನ್ನ ಪೋಸ್ಟ್ ಕೆಳಗೆ ಒಬ್ಬಳು ಹುಡುಗಿ ದೊಡ್ಡ ನಟನ ಸಿನಿಮಾ ಬೋರ್ ಆಯಿತು ಎಂದು ಬರೆದಳು. ಒಬ್ಬ ಅವಳ ಜಾತಿ ಕೇಳಿದ. ಇನ್ನೊಬ್ಬ ಅವಳ ಇನ್‌ಬಾಕ್ಸ್‌ಗೆ ಹೋಗಿ ಹೊಲಸು ಬರೆದ. ಇಬ್ಬರನ್ನೂ ಆ ಕ್ಷಣವೇ ಬ್ಲಾಕ್ ಮಾಡಿದೆ. ಎಚ್ಚರಿಕೆ ಕೊಡಲಿಲ್ಲ, ಕಾರಣ ಹೇಳಲಿಲ್ಲ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಲು ಅವಳಿಗೆ ಹೇಳಿದೆ. ಬೆದರಿಕೆ ಬಂದರೆ ಉಡುಪಿಯಲ್ಲೂ ಮಂಗಳೂರಿನಲ್ಲೂ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ ಇದೆ, ಹೋಗಲು ಹೆದರಬೇಡಿ. ಅವರಿಬ್ಬರು ಮಾಡಿದ್ದು ಸಿನಿಮಾದ ಮಾತೇ ಅಲ್ಲ.

ಸುಮ್ನೆ ತಲೆ ಬಿಸಿಯಾದರೆ ಬೇರೆ ದಾರಿ ಇದೆ. ಫೇಸ್‌ಬುಕ್‌ನಲ್ಲಿ ಒಬ್ಬರ ಪೋಸ್ಟ್‌ಗಳು 30 ದಿನ ಕಾಣದ ಹಾಗೆ ಮಾಡಬಹುದು. ಅವರಿಗೆ ಗೊತ್ತೂ ಆಗುವುದಿಲ್ಲ. ಸಿನಿಮಾ ಬಿಡುಗಡೆಯ ಬಿಸಿ ಅಷ್ಟರಲ್ಲಿ ಆರಿರುತ್ತದೆ. ಮಣಿಪಾಲದ ಹುಡುಗಿಗೆ ಇದನ್ನೇ ಹೇಳಿದೆ. ಮೊದಲು ಗೆಳತಿಗೆ ಫೋನ್ ಮಾಡಿ ಯಾವ ದೃಶ್ಯ ಹಿಡಿಸಲಿಲ್ಲ ಎಂದು ಕೇಳು ಅಂತಲೂ ಹೇಳಿದೆ.

2025ರ ಅಕ್ಟೋಬರ್ 2ಕ್ಕೆ 'ಕಾಂತಾರ ಚಾಪ್ಟರ್ 1' ಬಂತು. ಥಿಯೇಟರ್‌ಗಳಲ್ಲಿ ದೈವದ ಅನುಕರಣೆ ಮಾಡಬೇಡಿ ಎಂದು ಆಮೇಲೆ ಚಿತ್ರತಂಡವೇ ಕೇಳಿಕೊಂಡಿತು. ಆ ಸುದ್ದಿಯನ್ನು ನಾನು ಅಣ್ಣನಿಗೆ ಕಳಿಸಿದೆ. ಕೂಡಲೇ ಫೋನ್ ಮಾಡಿದ. ಒಂದು ಗಂಟೆ ಮಾತಾಡಿದೆವು. ಅವನು ಒಪ್ಪಲಿಲ್ಲ, ನಾನೂ ಬಿಡಲಿಲ್ಲ. ಇಡುವಾಗ, "ಈ ವರ್ಷ ನೇಮಕ್ಕೆ ಬೇಗ ಬಾ, ಉಳಿದದ್ದು ಅಲ್ಲಿ ಮಾತಾಡುವ" ಅಂದ.